ಕಟಕಟೆಯಲ್ಲಿ ಒಂದು ಒಡಪು

ನನ್ನ ಕೆಲಸ ಏನೆಂದು ನಮ್ಮತ್ತೆಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಮಂಡ್ಯದಿಂದ ಫೋನು ಮಾಡಿದ ನೆಂಟರಿಗೆಲ್ಲ, “ನಮ್ ಸರೋಜ ಕೋರ್ಟಲ್ಲಿ ಅಳೋರ ಪಕ್ಕ ಕೂತ್ಕೋತಾಳೆ, ಅದಕ್ಕೂ ಸಂಬಳ ಕೊಡ್ತಾರಂತೆ ಕಣವ್ವ” ಎನ್ನುತ್ತಿದ್ದರು. ಆಗ ನನಗೆ ಮೈ ಉರಿಯುತ್ತಿತ್ತು. ನಿವೃತ್ತಳಾದ ಮೇಲೆ ಯೋಚಿಸಿದರೆ ಅವರು ಹೇಳಿದ್ದು ಮುಕ್ಕಾಲು ಪಾಲು ಸರಿಯೇ ಅನ್ನಿಸುತ್ತದೆ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಒಂದು ಕೌಂಟಿಯ, ಅಂದರೆ ಜಿಲ್ಲೆಯ, ಪ್ರಾಸಿಕ್ಯೂಟರ್ ಕಚೇರಿಯಲ್ಲಿ ನಾನು ವಿಕ್ಟಿಮ್ ಅಡ್ವೊಕೇಟ್ ಆಗಿದ್ದೆ. ಅಡ್ವೊಕೇಟ್ ಅಂದ ಕೂಡಲೇ ನಮ್ಮವರು ವಕೀಲೆ ಎಂದುಕೊಳ್ಳುತ್ತಾರೆ. ಸನ್ನಿವೇಲ್‌ನ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತರೆ ಸಾಕು, ಒಬ್ಬರು ವೀಸಾ ಕೇಳುವರು, ಇನ್ನೊಬ್ಬರು ಅಪಾರ್ಟ್‌ಮೆಂಟಿನವರ ಮೇಲೆ ಕೇಸು ಹಾಕಬಹುದೇ ಎಂದು ಕೇಳುವರು. ಪುಳಿಯೋಗರೆ ತಣ್ಣಗಾಗುವವರೆಗೂ ನಾನು ವಕೀಲೆಯಲ್ಲ ಎಂದು ವಿವರಿಸುತ್ತಿದ್ದೆ. ಅಪರಾಧ ಮಾಡಿದನೆನ್ನಲಾದವನಿಗೆ ಒಬ್ಬ ವಕೀಲ ಇರುತ್ತಾನೆ, ಸರ್ಕಾರಕ್ಕೆ ಒಬ್ಬ ಪ್ರಾಸಿಕ್ಯೂಟರ್ ಇರುತ್ತಾನೆ. ಪೆಟ್ಟು ತಿಂದವರ ಪಕ್ಕ ಕೂತು, “ನಿಮಗೂ ಹಕ್ಕುಗಳಿವೆ, ಬನ್ನಿ, ಒಂದೊಂದಾಗಿ ಕೇಳಿ ತಗೊಳ್ಳೋಣ” ಎನ್ನುವುದಕ್ಕೆ ಒಬ್ಬರು ಬೇಕಲ್ಲ, ಅದು ನಾನು. ಈ ಹಕ್ಕುಗಳು ಯಾರೋ ಪುಣ್ಯಾತ್ಮರು ದಯೆಯಿಂದ ಕೊಡುವಂಥವಲ್ಲ. ಕ್ಯಾಲಿಫೋರ್ನಿಯಾದ ಸಂವಿಧಾನದಲ್ಲೇ ಬರೆದಿಟ್ಟಿವೆ.

ಮೊನ್ನೆ ಇದೇ ಕೆಲಸಕ್ಕೆ ಸೇರಿದ ನಮ್ಮ ಕನ್ನಡದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. “ಆಂಟಿ, ಟ್ರೇನಿಂಗಲ್ಲಿ ಲಾ ಎಲ್ಲ ಹೇಳ್ಕೊಟ್ರು. ಬಟ್ ಕೆಲಸ ಹೇಗಿರತ್ತೆ ಅಂತ ಯಾರೂ ಹೇಳ್ಲಿಲ್ಲ” ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಹೂಗುಚ್ಛ ಕೊಟ್ಟರು ಅನ್ನುವುದೆಲ್ಲ ಇದರಲ್ಲಿಲ್ಲ. ಊರಿನ ಹೆಸರನ್ನು ಬಿಟ್ಟಿದ್ದೇನೆ, ಜನರ ಹೆಸರನ್ನು ಬದಲಿಸಿದ್ದೇನೆ. ಗುಟ್ಟು ಕಾಯುವುದು ಈ ಕೆಲಸದ ಮೊದಲ ಶರತ್ತು. ನಿವೃತ್ತಿಯಾದರೂ ಅದು ಮುಗಿಯುವುದಿಲ್ಲ.

ಮೊದಲ ವಾರದ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ಕೋರ್ಟಿನ ಕಾರಿಡಾರಿನಲ್ಲಿ ಒಬ್ಬ ತಾಯಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಮ್ಮ ಕೇಸಿನಲ್ಲಿ ಏಟು ತಿಂದ ಹುಡುಗನ ತಾಯಿ ಇವಳೇ ಎಂದುಕೊಂಡು ಹೋಗಿ ಕೂತೆ. ನೀರು ಕೊಟ್ಟೆ, ಬೆನ್ನು ಸವರಿದೆ, “ನಿಮಗೆ ನ್ಯಾಯ ಸಿಕ್ಕೇ ಸಿಗುತ್ತೆ” ಎಂದು ಧೈರ್ಯ ಹೇಳಿದೆ. ಬಾಗಿಲು ತೆರೆದು ಹೆಸರು ಕೂಗಿದಾಗ ಗೊತ್ತಾಯಿತು, ಅವಳು ಹೊಡೆದವನ ತಾಯಿ. ನಮ್ಮ ಕಡೆಯ ತಾಯಿ ಎದುರು ಬೆಂಚಿನಲ್ಲಿ ಕೂತು ಇಷ್ಟು ಹೊತ್ತೂ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನನ್ನ ಮೇಲಧಿಕಾರಿ ಡೊಲೊರೆಸ್ ಮೆಕ್ಸಿಕೋ ಮೂಲದ ಹೆಂಗಸು. ಮಾತು ಕಡಿಮೆ, ಕಣ್ಣು ಚುರುಕು. ಬೈಯುತ್ತಾಳೆಂದು ನಡುಗುತ್ತ ಹೋದರೆ ಹೊಟ್ಟೆ ಹಿಡಿದು ನಕ್ಕಳು. “ಅವಳಿಗೂ ನೀರು ಬೇಕಾಗಿತ್ತು, ತಪ್ಪೇನಿಲ್ಲ. ಆದರೆ ಇವತ್ತು ಒಂದು ಕಲಿತೆಯಲ್ಲ, ನಮ್ಮವರನ್ನು ಯಾಕೆ ಬೇರೆ ಕೋಣೆಯಲ್ಲಿ ಕೂರಿಸಬೇಕು ಅಂತ” ಎಂದಳು. ನೊಂದವರು ಆರೋಪಿಯ ಕಡೆಯವರ ಕಣ್ಣಿಗೆ ಬೀಳದಂತೆ ಬೇರೆ ಜಾಗ ಕೇಳಬಹುದು. ಆ ಕಾಲಕ್ಕೆ ನಮ್ಮ ಕೋರ್ಟಿನಲ್ಲಿ ಅಂಥ ಕೋಣೆಯಲ್ಲಿ ಹಳೇ ಕುರ್ಚಿ, ಕೆಟ್ಟ ಪ್ರಿಂಟರು ತುಂಬಿದ್ದರು. ಡೊಲೊರೆಸ್ ಮತ್ತು ನಾನು ಒಂದು ಶುಕ್ರವಾರ ತೋಳೇರಿಸಿ ಅದನ್ನೆಲ್ಲ ಹೊರಗೆಳೆದೆವು. ಸೋಮವಾರ ಬಂದು ನೋಡಿದ ಕೋರ್ಟಿನ ಮ್ಯಾನೇಜರು ಮುಖ ಗಂಟಿಕ್ಕಿದ, ಆದರೆ ಯಾರೂ ಆ ಪ್ರಿಂಟರುಗಳನ್ನು ವಾಪಸ್ ಒಳಗೆ ಇಡಲಿಲ್ಲ.

ಕೆಲಸದ ರೀತಿ ಬಹಳ ಬದಲಾಗಿದೆ. ಮೊದಮೊದಲು, ಹೊಡೆದವನು ಜಾಮೀನಿನ ಮೇಲೆ ಹೊರಗೆ ಬಂದದ್ದು ಹೆಂಡತಿಗೆ ಗೊತ್ತಾಗುತ್ತಿದ್ದುದು ಅವನು ಡೇಕೇರ್ ಬಾಗಿಲಲ್ಲಿ ಬಂದು ನಿಂತಾಗ. ಈಗ ಬಿಡುಗಡೆಯ ಸುದ್ದಿ ಅವಳ ಫೋನಿಗೇ ಬರುತ್ತದೆ. ಮೌಂಟನ್ ವ್ಯೂನಲ್ಲಿದ್ದ ಒಬ್ಬ ಹುಡುಗಿ ಗಂಡನ ಏಟು ಸಹಿಸಿಕೊಂಡೇ ಇದ್ದಳು. ದೂರು ಕೊಟ್ಟರೆ ಅವಳನ್ನೇ ದೇಶದಿಂದ ಓಡಿಸುತ್ತಾರೆ ಅಂತ ಅವನು ಹೆದರಿಸಿಟ್ಟಿದ್ದ. ಅಪರಾಧಕ್ಕೆ ಗುರಿಯಾಗಿ ತನಿಖೆಗೆ ನೆರವಾದವರಿಗೆಂದೇ ಬೇರೆ ವೀಸಾ ಇದೆ, ಅದನ್ನು ಕೇಳಬಹುದು ಎಂದು ಹೇಳಿದಾಗ ಅವಳು ನಂಬಲೇ ಇಲ್ಲ. ವಲಸೆ ವಕೀಲರ ಹತ್ತಿರ ಕರೆದುಕೊಂಡು ಹೋಗಿ ಅವರ ಬಾಯಿಂದಲೇ ಹೇಳಿಸಬೇಕಾಯಿತು. ಈಗ ಅವಳು ಮಗನನ್ನು ಹಿಂದೆ ಕೂರಿಸಿಕೊಂಡು ಸೈಕಲ್ಲಿನಲ್ಲಿ ಆಫೀಸಿಗೆ ಹೋಗುವುದನ್ನು ನಾನು ರೈಲಿನ ಕಿಟಕಿಯಿಂದ ನೋಡಿದ್ದೇನೆ. ಕೈ ಬೀಸಬೇಕು ಅನ್ನಿಸಿದರೂ ಬೀಸಲಿಲ್ಲ. ನಮ್ಮನ್ನು ಕಂಡರೆ ಅವರಿಗೆ ಹಳೆಯದು ನೆನಪಾಗುತ್ತದೆ.

ಆದರೆ ಮೊನ್ನೆ ಮನೆಗೆ ಬಂದಿದ್ದ ಆ ಹೊಸ ಹುಡುಗಿಗೆ ನಾನು ಊಟಕ್ಕೆ ಕೂರಿಸಿಕೊಂಡು ಹೇಳಿದ್ದು ಪಾರವ್ವನ ಕೇಸನ್ನು.

ಪಾರವ್ವ ಗದಗದ ಕಡೆಯವರು, ಎಪ್ಪತ್ತು ದಾಟಿದವರು. ಮಗಳು ಸುಮಂಗಲಾ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಬಾಣಂತನಕ್ಕೆ ಗಂಡನನ್ನೂ ಕರೆದುಕೊಂಡು ಬಂದಿದ್ದರು. ಒಂದು ಬೆಳಗ್ಗೆ ಅಪಾರ್ಟ್‌ಮೆಂಟಿನ ಹತ್ತಿರದ ಪಾರ್ಕಿನಲ್ಲಿ ಒಬ್ಬರೇ ನಡೆಯುತ್ತಿದ್ದಾಗ ಕಾರೊಂದು ನಿಂತಿತು. ಇಳಿದವನು ದಾರಿ ಕೇಳುವವನಂತೆ ಹತ್ತಿರ ಬಂದು ತಾಳಿಸರಕ್ಕೆ ಕೈ ಹಾಕಿ ಎಳೆದ. ಪಾರವ್ವ ಬಿಡಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವನು ನೆಲಕ್ಕೆ ಕೆಡವಿ ಕಿತ್ತುಕೊಂಡು ಹೋದ. ಕೊರಳಲ್ಲಿ ಕೆಂಪು ಬರೆ ಎದ್ದಿತ್ತು, ಮೊಣಕೈ ತರಚಿತ್ತು.

ಪೊಲೀಸರು ಚುರುಕಾಗಿಯೇ ಕೆಲಸ ಮಾಡಿದರು. ಕೆಲವೇ ದಿನಗಳಲ್ಲಿ ಅವನು ಸಿಕ್ಕಿಬಿದ್ದ, ಅವನ ಮನೆಯಲ್ಲಿ ತಾಳಿಯೂ ಸಿಕ್ಕಿತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ತಾಳಿ ಈಗ ಸಾಕ್ಷ್ಯ, ಪೊಲೀಸರ ಕಪಾಟಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸೇರಿತು. ವಿಚಾರಣೆ ಮುಗಿಯುವುದಕ್ಕೆ ಎಷ್ಟು ಕಾಲ ಬೇಕೋ ಯಾರಿಗೂ ತಿಳಿಯದು. ಪಾರವ್ವನ ವೀಸಾ ಅವಧಿಯೋ ಮುಗಿಯುತ್ತ ಬಂದಿತ್ತು.

ನಾನು ಅವರ ಮನೆಗೆ ಹೋದಾಗ ಪಾರವ್ವ ಅಡುಗೆಮನೆಯಲ್ಲಿ ಮಗಳಿಗೆ ಅಂಟಿನುಂಡೆ ಕಟ್ಟುತ್ತಿದ್ದರು. ಕೊರಳಲ್ಲಿ ಹಳದಿ ದಾರಕ್ಕೆ ಅರಿಶಿನ ಕೊಂಬು ಕಟ್ಟಿಕೊಂಡಿದ್ದರು. ನನ್ನನ್ನು ಕಂಡವರೇ ಕೈಗೆ ಒಂದು ಉಂಡೆ ಇಟ್ಟು ಹೇಳಿದರು:

“ನೋಡವಾ ಸರೋಜವ್ವ, ಆ ಹುಡುಗನ್ನ ಜೇಲಿಗೆ ಹಾಕ್ತೀರೋ ಬಿಡ್ತೀರೋ ಅದು ನಿಮಗ ಬಿಟ್ಟದ್ದು. ನನ್ನ ತಾಳಿ ನನಗ ಕೊಡ್ರಿ. ಅರಿಶಿನ ಕೊಂಬು ಕಟಗೊಂಡು ನಾ ಗದಗ ಸ್ಟೇಷನ್ನಿನ್ಯಾಗ ಇಳಿಯೂದಿಲ್ಲ.”

ಕೇಳಿದ್ದು ನ್ಯಾಯವಾಗಿತ್ತು, ಕಾನೂನಿನಲ್ಲೂ ಅದಕ್ಕೆ ದಾರಿಯಿತ್ತು. ಸಾಕ್ಷ್ಯವಾಗಿ ಬೇಡವಾದ ಕೂಡಲೇ ವಸ್ತುವನ್ನು ಬೇಗ ವಾಪಸ್ ಪಡೆಯುವುದು ನೊಂದವರ ಹಕ್ಕು. ಫೋಟೋ ತೆಗೆದಿಟ್ಟುಕೊಂಡು ವಸ್ತು ಬಿಡಬಹುದು. ಅದಕ್ಕೆ ಮೊದಲು ಪಾರವ್ವ ನ್ಯಾಯಾಧೀಶರ ಮುಂದೆ ಅದು ತಮ್ಮದೇ ಎಂದು ಹೇಳಬೇಕು. ಸಾಕ್ಷಿ ವಯಸ್ಸಾದವರಾದರೆ ವಿಚಾರಣೆಗೆ ಕಾಯದೆ, ಎರಡೂ ಕಡೆಯ ವಕೀಲರ ಎದುರು ಮೊದಲೇ ಅವರ ಹೇಳಿಕೆಯನ್ನು ವಿಡಿಯೋ ಮಾಡಿಕೊಳ್ಳುವ ಅವಕಾಶವೂ ಇದೆ. ಪ್ರಾಸಿಕ್ಯೂಟರ್ ಹುಡುಗ ಅರ್ಜಿ ಹಾಕಿದ, ಊರಿಗೆ ಹೊರಡುವುದಕ್ಕೆ ಮುಂಚಿನ ವಾರಕ್ಕೆ ದಿನ ಗೊತ್ತಾಯಿತು.

ಆಮೇಲೆ ಒಂದು ದಿನ ಅವನು ಮುಖ ಸಪ್ಪೆ ಮಾಡಿಕೊಂಡು ನನ್ನ ಮೇಜಿನ ಹತ್ತಿರ ಬಂದ. “ಸರೋ, ಈ ಅಜ್ಜಿಗೆ ಮರೆವಿನ ಕಾಯಿಲೆ ಇದೆಯಾ?” ಎಂದ. ಪೊಲೀಸ್ ವರದಿಯಲ್ಲಿ ಹಾಗೇ ಬರೆದಿತ್ತಂತೆ. ಅವತ್ತು ಪಾರ್ಕಿನಲ್ಲಿ ಅಧಿಕಾರಿ ಫೋನಿನಲ್ಲಿ ಹಿಂದಿ ದುಭಾಷಿಯನ್ನು ಹಿಡಿದು, ಮನೆಯವರಿಗೆ ತಿಳಿಸೋಣವೆಂದು ಗಂಡನ ಹೆಸರು ಕೇಳಿದ್ದ. ಪಾರವ್ವನಿಗೆ ಹಿಂದಿ ಅಷ್ಟಿಷ್ಟು ತಿಳಿಯುತ್ತಿತ್ತು, ಪ್ರಶ್ನೆ ಅರ್ಥವಾಗಿತ್ತು. ಬಾಯಿಗೆ ಸೆರಗು ಹಿಡಿದು ತಲೆ ಅಲ್ಲಾಡಿಸಿದರು. ಇನ್ನೊಮ್ಮೆ ಕೇಳಿದರೂ ಅಷ್ಟೇ. ಸ್ವಂತ ಗಂಡನ ಹೆಸರೂ ನೆನಪಿಲ್ಲ, ಗೊಂದಲದಲ್ಲಿದ್ದಾರೆ ಎಂದು ಆತ ಬರೆದುಕೊಂಡ. ಆರೋಪಿಯ ವಕೀಲನಿಗೆ ಅಷ್ಟು ಸಾಕಾಗಿತ್ತು. ಗಂಡನ ಹೆಸರು ನೆನಪಿಲ್ಲದವರು ಕಳ್ಳನ ಮುಖ ಹೇಗೆ ನೆನಪಿಟ್ಟಾರು, ಒಡವೆ ತಮ್ಮದೆಂದು ಹೇಗೆ ಹೇಳಿಯಾರು ಎಂದು ಅವನು ಕೇಳುವುದು ಖಂಡಿತ.

ನನಗೆ ನಗು ಬಂತು, ಸಿಟ್ಟೂ ಬಂತು. ನಮ್ಮಜ್ಜಿ ಮಂಡ್ಯದ ರೇಷನ್ ಅಂಗಡಿಯಲ್ಲಿ ಹೀಗೇ ಬಾಯಿ ಮುಚ್ಚಿಕೊಂಡು ನಿಂತು, ಪಕ್ಕದಲ್ಲಿದ್ದವರಿಂದ ತಾತನ ಹೆಸರು ಹೇಳಿಸುತ್ತಿದ್ದಳು. ಪಾರವ್ವನಿಗೆ ಹೆಸರು ಮರೆತಿರಲಿಲ್ಲ. ಅದನ್ನು ನಾಲಿಗೆಯ ಮೇಲೆ ತರಬಾರದೆಂದು ಅರ್ಧ ಶತಮಾನ ಕಾಪಾಡಿಕೊಂಡು ಬಂದಿದ್ದರು. ಪ್ರಾಸಿಕ್ಯೂಟರನಿಗೆ ಎಲ್ಲ ಬಿಡಿಸಿ ಹೇಳಿದೆ. ಅವನು ಗಲ್ಲ ಕೆರೆದುಕೊಂಡ. “ನಾನು ವಾದದಲ್ಲಿ ಹೇಳಬಹುದು. ಆದರೆ ಮುಂದೆ ವಿಡಿಯೋ ನೋಡಿ ತೀರ್ಪು ಕೊಡುವ ಜ್ಯೂರಿ ನಂಬುವುದು ನನ್ನ ಮಾತನ್ನಲ್ಲ, ಆಕೆಯ ಬಾಯನ್ನ” ಎಂದ. ಇದೇ ಕಳ್ಳನ ಕೈಯಲ್ಲಿ ಒಡವೆ ಕಳೆದುಕೊಂಡ ಬೇರೆ ಹೆಂಗಸರು ಹೆದರಿ ಹಿಂದೆ ಸರಿದಿದ್ದರು. ಉಳಿದಿದ್ದವರು ಪಾರವ್ವ ಒಬ್ಬರೇ.

ಮತ್ತೆ ಅವರ ಮನೆಗೆ ಹೋದೆ. ಕೋರ್ಟಿನಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾರು ಪ್ರಶ್ನೆ ಕೇಳುತ್ತಾರೆ ಎಂದು ಹೇಳಿದೆ. ಗಂಡನ ಹೆಸರನ್ನು ಕೇಳಬಹುದು ಎಂದೂ ಹೇಳಿದೆ. ಏನು ಉತ್ತರ ಕೊಡಬೇಕೆಂದು ಸಾಕ್ಷಿಗೆ ಹೇಳಿಕೊಡುವಂತಿಲ್ಲ, ಅದು ನಾವು ದಾಟಬಾರದ ಗೆರೆ. ಸುಮಂಗಲಾ ಮಾತ್ರ ತಡೆಯಲಾರದೆ, “ಅವ್ವ, ಒಂದ್ಸಲ ಹೇಳಿಬಿಡು, ಏನಾಗ್ತದ?” ಅಂದಳು.

“ಏನಾಗ್ತದಂತ ಕೇಳ್ತೀಯಲ್ಲ? ಅವರ ಎದಿ ಆಪರೇಷನ್ ಆಗೇದ. ಹೆಸರು ಹೇಳಿ ಅವರ ಆಯುಷ್ಯ ಕಡಿಮಿ ಮಾಡ್ಲೇನು?”

ಸೋಫಾದಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಯಜಮಾನರು ಮೆಲ್ಲಗೆ, “ನನಗೇನೂ ಆಗೂದಿಲ್ಲ, ಹೇಳು” ಅಂದರು.

“ನೀವು ಸುಮ್ಮ ಕೂಡ್ರಿ” ಎಂದರು ಪಾರವ್ವ.

ಬಾಗಿಲವರೆಗೆ ಬಂದ ಸುಮಂಗಲಾ, “ಮದುವ್ಯಾಗ ಒಡಪಿನ್ಯಾಗ ಇಟ್ಟು ಹೇಳ್ತಾಳ್ರೀ, ಹಂಗ ಬರೇ ಹೆಸರು ಹೇಳಾಕಿ ಅಲ್ಲ” ಎಂದಳು. ಒಡಪು ಅಂದರೆ ಏನೆಂದು ನಮ್ಮ ಮಂಡ್ಯದ ಕಡೆಯವಳಾದ ನನಗೆ ಆಗ ಸರಿಯಾಗಿ ತಿಳಿದಿರಲಿಲ್ಲ. ನನ್ನ ತಲೆಯಲ್ಲಿ ಕನ್ನಡದ ದುಭಾಷಿಯನ್ನು ಎಲ್ಲಿಂದ ತರುವುದು ಎಂಬ ಚಿಂತೆ ಓಡುತ್ತಿತ್ತು. ಕೇಳದೆ ಕಾರು ಹತ್ತಿದೆ.

ದುಭಾಷಿಯ ವಿಷಯದಲ್ಲಿ ನಾನು ಹಟ ಹಿಡಿದೆ. ಅಜ್ಜಿಗೆ ಹಿಂದಿ ಬರುತ್ತದಲ್ಲ ಎಂದು ಯಾರೋ ಅಂದರು. “ತಾಳಿ ಕಳೆದುಕೊಂಡ ದುಃಖ ಹಿಂದಿಯಲ್ಲಿ ಹೇಳಕ್ಕಾಗಲ್ಲ” ಎಂದೆ. ಕೊನೆಗೆ ಕವಿತಾ ಎಂಬ ಬೆಂಗಳೂರಿನ ಹುಡುಗಿ ಸಿಕ್ಕಳು.

ಆ ದಿನ ಪಾರವ್ವ ಹಸಿರು ಇಳಕಲ್ ಸೀರೆ ಉಟ್ಟು, ಹಣೆಯ ತುಂಬ ಕುಂಕುಮ ಇಟ್ಟುಕೊಂಡು ಬಂದರು. ನಾವು ಪ್ರಿಂಟರು ಹೊರಗೆ ಹಾಕಿ ಮಾಡಿಕೊಂಡ ಕೋಣೆಯಲ್ಲೇ ಅವರನ್ನು ಕೂರಿಸಿದೆ. ಇಂಥ ಕೇಸಿನಲ್ಲಿ ಸಾಕ್ಷಿಯ ಪಕ್ಕ ಬೆಂಬಲಕ್ಕೆ ಒಬ್ಬರು ಕೂರಬಹುದು. ನ್ಯಾಯಾಧೀಶೆ ನನಗೆ ಅನುಮತಿ ಕೊಟ್ಟು, ತುಟಿ ಪಿಟಕ್ಕೆನ್ನಬಾರದು, ಸನ್ನೆಯನ್ನೂ ಮಾಡಬಾರದು ಎಂದು ಎಚ್ಚರಿಸಿದರು. ಕಟಕಟೆಯಲ್ಲಿ ಪಾರವ್ವನ ಪಕ್ಕ ಕೈಕಟ್ಟಿ ಕೂತೆ.

ಪ್ರಾಸಿಕ್ಯೂಟರನ ಪ್ರಶ್ನೆಗಳು ಸಲೀಸಾಗಿ ಮುಗಿದವು. ಕಳ್ಳನನ್ನು ಪಾರವ್ವ ಬೆರಳು ತೋರಿಸಿ ಗುರುತಿಸಿದರು. ಆಮೇಲೆ ಆರೋಪಿಯ ವಕೀಲ ಎದ್ದ. ಕೆಟ್ಟ ಮನುಷ್ಯನೇನಲ್ಲ, ತನ್ನ ಕೆಲಸ ತಾನು ಮಾಡುತ್ತಿದ್ದ. ನೆನಪಿನ ಶಕ್ತಿ ಹೇಗಿದೆ ಎಂದು ಕೇಳಿ, ಮೆಲ್ಲಗೆ ಅಲ್ಲಿಗೇ ಬಂದ.

“ನಿಮ್ಮ ಗಂಡನ ಹೆಸರೇನು?”

ಕವಿತಾ ಕನ್ನಡದಲ್ಲಿ ಕೇಳಿದಳು. ಪಾರವ್ವನ ಕೈ ಸೆರಗಿಗೆ ಹೋಯಿತು. ವಕೀಲ ಇನ್ನೊಮ್ಮೆ ಕೇಳಿದ. ಹಿಂದಿನ ಸಾಲಿನಲ್ಲಿ ಸುಮಂಗಲಾ ಕಣ್ಣು ಮುಚ್ಚಿಕೊಂಡಳು, ಅವಳ ಪಕ್ಕದಲ್ಲಿ ಯಜಮಾನರು ನೆಲ ನೋಡುತ್ತಿದ್ದರು. ನನಗೆ ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಕೂರುವುದು ಅಷ್ಟು ಕಷ್ಟ ಎಂದೂ ಆಗಿರಲಿಲ್ಲ. ಎಲ್ಲ ಕೈತಪ್ಪಿತು, ತಾಳಿ ಕಪಾಟಿನಲ್ಲೇ ಉಳಿಯಿತು ಎಂದುಕೊಂಡೆ.

“ಸಾಕ್ಷಿ ಉತ್ತರಿಸುತ್ತಿಲ್ಲ ಎಂದು ದಾಖಲಾಗಲಿ” ಎಂದ ವಕೀಲ.

ಆಗ ಪಾರವ್ವ ಕವಿತಾಳ ಕಡೆ ತಿರುಗಿದರು. “ತಂಗಿ, ಒಡಪಿನ್ಯಾಗ ಹೇಳಿದ್ರ ನಡೀತದೇನು, ಆ ದೊಡ್ಡಾಕೀನ ಒಂದೀಟು ಕೇಳವಾ.”

ಕವಿತಾ ತಬ್ಬಿಬ್ಬಾದಳು. ಬೆಂಗಳೂರಿನ ಹುಡುಗಿ, ಒಡಪು ಕೇಳಿದವಳಲ್ಲ. ಅದೇನೆಂದು ಕೇಳಲು ನ್ಯಾಯಾಧೀಶೆಯ ಅಪ್ಪಣೆ ಪಡೆದಳು. ಪಾರವ್ವ ತಾಳ್ಮೆಯಿಂದ ವಿವರಿಸಿದರು. ಗಂಡನ ಹೆಸರನ್ನು ಹಾಗೇ ಹೇಳುವಂತಿಲ್ಲ, ಹೇಳಿದರೆ ಅವನಿಗೆ ಒಳ್ಳೆಯದಲ್ಲ. ಎರಡು ಸಾಲಿನ ಪದ ಕಟ್ಟಿ ಅದರೊಳಗೆ ಇಟ್ಟು ಹೇಳಿದರೆ ದೋಷವಿಲ್ಲ, ಮದುವೆಯಲ್ಲಿ ಎಲ್ಲರೂ ಹಾಗೆ ಹೇಳಿಸುತ್ತಾರೆ. ಕವಿತಾ ಅದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಆರೋಪಿಯ ವಕೀಲ ಆಕ್ಷೇಪಿಸಲು ಎದ್ದಿದ್ದ. ನ್ಯಾಯಾಧೀಶೆ ಅವನನ್ನು ಕೂರುವಂತೆ ಕೈ ಮಾಡಿದರು.

“ಪ್ರಶ್ನೆ ನಿಮ್ಮದು. ಉತ್ತರ ಹೇಳುವ ರೀತಿ ಆಕೆಯದು” ಎಂದರು.

ಪಾರವ್ವ ಸೆರಗನ್ನು ಬಾಯಿಂದ ತೆಗೆದು ತಲೆಯ ಮೇಲೆ ಹೊದ್ದರು, ಬೆನ್ನು ನೆಟ್ಟಗೆ ಮಾಡಿದರು. ಮದುವೆಮನೆಯ ಹೊಸ್ತಿಲ ಮೇಲೆ ನಿಂತವರಂತೆ, ಆ ಕೋರ್ಟಿನ ಮೂಲೆಮೂಲೆಗೂ ಕೇಳುವಂತೆ ಹೇಳಿದರು:

“ಸಾಕ್ಷಿ ಹೇಳಾಕ ಕುಂತೀನಿ, ಸುಳ್ಳಾಡೂದಿಲ್ಲ ನಾಲಿಗಿ;
ಚನ್ನಬಸಪ್ಪನವರು ಕಟ್ಟಿದ ತಾಳಿ, ಬರಬೇಕು ನನ್ನ ಕೊರಳಿಗಿ.”

ಕವಿತಾ ಅನುವಾದ ಮಾಡಿದಳು. ಇಂಗ್ಲಿಷಿನಲ್ಲಿ ಪ್ರಾಸ ಹೋಯಿತು, ಹೆಸರು ಮಾತ್ರ ಇಡಿಯಾಗಿ ಉಳಿಯಿತು. ಹಿಂದಿನ ಸಾಲಿನಲ್ಲಿ ಚನ್ನಬಸಪ್ಪನವರು, ಹಾಜರಿಯಲ್ಲಿ ಹೆಸರು ಕೂಗಿದಾಗ ಶಾಲೆಯ ಹುಡುಗ ಏಳುವ ಹಾಗೆ, ಎದ್ದು ನಿಂತುಬಿಟ್ಟರು. ಪ್ರಾಸಿಕ್ಯೂಟರ್ ಹುಡುಗ ನಗು ತಡೆಯಲು ಕಾಗದದಲ್ಲಿ ಮುಖ ಹುದುಗಿಸಿದ. ಹೇಳಿಕೆ ಟೈಪು ಮಾಡುತ್ತಿದ್ದವಳು ಕೈಯೆತ್ತಿ, ಹೆಸರು ಇನ್ನೊಮ್ಮೆ ಬೇಕು ಎಂದಳು.

“ಇನ್ನೊಮ್ಮೆ ಬೇಕಾದ್ರ ಇನ್ನೊಂದು ಒಡಪು ಕಟ್ಟಬೇಕಾಗ್ತದ” ಎಂದರು ಪಾರವ್ವ.

ವಕೀಲ ನೆನಪಿನ ಮಾತನ್ನು ಅಲ್ಲಿಗೇ ಬಿಟ್ಟ. ತಾಳಿಯ ಚೀಲ ತಂದು ಮುಂದಿಟ್ಟು, ಇಂಥದ್ದು ಸಾವಿರಾರು ಇರಬಹುದು, ನಿಮ್ಮದೇ ಎಂದು ಹೇಗೆ ಹೇಳುತ್ತೀರಿ ಎಂದ. ಪಾರವ್ವ ತಾಳಿಯ ಎರಡು ಬಟ್ಟಲನ್ನು ಚೀಲದ ಮೇಲಿಂದಲೇ ಸವರಿದರು. “ಇದು ತವರುಮನೀದು, ಇದು ಅತ್ತೀಮನೀದು. ಅತ್ತೀಮನೀದರ ಅಂಚು ನೋಡ್ರಿ, ತಗ್ಗು ಬಿದ್ದದ. ಹಲ್ಲು ಬರೂಮುಂದ ನನ್ನ ಮಗಳು ಕಡದದ್ದು ಅದು” ಎಂದು ಹಿಂದಿನ ಸಾಲಿನ ಕಡೆ ಬೆರಳು ತೋರಿಸಿದರು. ಲ್ಯಾಬಿನ ವಿಜ್ಞಾನಿ ಸುಮಂಗಲಾ ಕೋರ್ಟಿನ ಎದುರು ನಾಚಿ ಕೆಂಪಾದಳು. ನ್ಯಾಯಾಧೀಶೆ ಕನ್ನಡಕ ಏರಿಸಿ ನೋಡಿದರು. ತಗ್ಗು ಇತ್ತು.

ಅಲ್ಲೇ ಫೋಟೋ ತೆಗೆದು ತಾಳಿ ಬಿಡಲು ಎರಡೂ ಕಡೆ ಒಪ್ಪಿದವು, ಆದೇಶವೂ ಆಯಿತು. ಮುಂದೆ ಆ ವಿಡಿಯೋ ಜ್ಯೂರಿಯವರೆಗೂ ಹೋಗಬೇಕಾಗಲಿಲ್ಲ. ಆರೋಪಿ ತಪ್ಪೊಪ್ಪಿಕೊಂಡ. ಹಿಂದೆ ಸರಿದಿದ್ದ ಹೆಂಗಸರು ಸುದ್ದಿ ಕೇಳಿ ಒಬ್ಬೊಬ್ಬರಾಗಿ ಬಂದು, ಶಿಕ್ಷೆಯ ದಿನ ನ್ಯಾಯಾಧೀಶೆಯ ಮುಂದೆ ನಿಂತು ತಮ್ಮ ನೋವನ್ನು ತಾವೇ ಹೇಳಿದರು. ಅದೂ ಅವರ ಹಕ್ಕು. ಆ ದಿನ ನನಗಾದ ಹೆಮ್ಮೆಯನ್ನು ಮುಚ್ಚಿಟ್ಟುಕೊಳ್ಳಲಾರೆ. ಮನೆಗೆ ಬಂದು ಒಬ್ಬಳೇ ಪಾಯಸ ಮಾಡಿಕೊಂಡು ತಿಂದೆ.

ಊಟಕ್ಕೆ ಕೂತ ಹುಡುಗಿಗೆ ನಾನು ಹೇಳಿದ ಬುದ್ಧಿಮಾತು ಇಷ್ಟೇ. ಕಾನೂನನ್ನು ಚೆನ್ನಾಗಿ ಕಲಿ. ಅದಿಲ್ಲದಿದ್ದರೆ ಪಾರವ್ವನಿಗೆ ಆ ದಿನ, ಆ ದುಭಾಷಿ, ಪಕ್ಕದ ಆ ಕುರ್ಚಿ ಯಾವುದೂ ಸಿಗುತ್ತಿರಲಿಲ್ಲ. ಅಷ್ಟನ್ನು ಒದಗಿಸಿ ಸುಮ್ಮನೆ ಕೂರುವುದನ್ನೂ ಕಲಿ, ಮಾತು ಅವರದು. ಅವಳು ಎಲ್ಲ ಕೇಳಿ, “ಆಂಟಿ, ತಾಳಿ ವಾಪಸ್ ಕೊಟ್ರಲ್ಲ, ಆವತ್ತು ಅವರು ಏನಂದ್ರು?” ಎಂದಳು.

ಮರುದಿನವೇ ಪೊಲೀಸ್ ಠಾಣೆಯ ಕೌಂಟರಿಗೆ ಹೋಗಿದ್ದೆವು. ಅಲ್ಲಿದ್ದ ಹೆಂಗಸು ಗಾಜಿನ ಕೆಳಗಿನಿಂದ ಚೀಲ ಸರಿಸಿದಳು. ಕಿತ್ತುಹೋಗಿದ್ದ ಸರವನ್ನು ಅಲ್ಲೇ ಬಿಡಿಸಿ, ಸುಮಂಗಲಾ ಬಟ್ಟಲುಗಳನ್ನು ಹೊಸ ಅರಿಶಿನ ದಾರಕ್ಕೆ ಪೋಣಿಸಿದಳು. ಪಾರವ್ವ ಸೆರಗಿನ ತುದಿಯ ಗಂಟು ಬಿಚ್ಚಿ ಎಲ್ಲರಿಗೂ ಅಕ್ಷತೆ ಹಂಚಿದರು. ಗಾಜಿನ ಹಿಂದಿನ ಹೆಂಗಸೂ ಏನೆಂದು ತಿಳಿಯದೆ ಅಂಗೈ ಚಾಚಿದಳು. ಚನ್ನಬಸಪ್ಪನವರು ದಾರ ಹಿಡಿದು ಮುಂದೆ ಬಂದರು.

ಪಾರವ್ವ ಅಂಗೈ ಅಡ್ಡ ಹಿಡಿದರು.

“ನಿಂದರ್ರಿ. ನಾ ಅಷ್ಟು ಮಂದ್ಯಾಗ ನಿಮ್ಮ ಹೆಸರು ಹೇಳೀನಿ. ಈಗ ನೀವು ನಂದು ಹೇಳ್ರಿ.”

ಮದುವೆಯಾದಾಗಿನಿಂದ ಅವರು ಹೆಂಡತಿಯನ್ನು ಕರೆದದ್ದು ‘ಕೇಳಿತೇನು’ ಎಂದು ಮಾತ್ರವಂತೆ, ಸುಮಂಗಲಾ ನನ್ನ ಕಿವಿಯಲ್ಲಿ ಹೇಳಿದಳು. ಚನ್ನಬಸಪ್ಪನವರು ಒಡಪು ಹುಡುಕುತ್ತ ಛಾವಣಿ ನೋಡಿದರು, ನನ್ನನ್ನು ನೋಡಿದರು, ಗಾಜಿನ ಹಿಂದಿನ ಹೆಂಗಸನ್ನೂ ನೋಡಿದರು. ಯಾರಿಂದಲೂ ಸಹಾಯ ಸಿಗಲಿಲ್ಲ.

“ಒಡಪು ಬರವಲ್ಲದು” ಎಂದರು. ಆಮೇಲೆ, ಕಷ್ಟಪಟ್ಟು, “ಪಾರೂ” ಎಂದರು.

ಪಾರವ್ವ ಅಡ್ಡ ಹಿಡಿದಿದ್ದ ಕೈ ತೆಗೆದು ಕೊರಳು ಬಗ್ಗಿಸಿದರು.